ಚೈನೋ ಬೆಲ್ಟೋ? ಹೂತ್ಕೊಂಡ ಗಾಡಿಗೆ ಏನಾದ್ರೂ ಕಟ್ಟೋಕೆ ಮುಂಚೆ ಇದನ್ನ ಓದಿ

ಗಾಡಿ ಕೆಸರಲ್ಲಿ ಹೂತ್ಕೊಂಡಾಗ ಸುತ್ತ ನಿಂತಿರೋ ಹತ್ತು ಜನದಲ್ಲಿ ಒಂಬತ್ತು ಜನ ಹೇಳೋದು ಒಂದೇ ಮಾತು, ಚೈನ್ ತಗೊಂಡ್ಬನ್ನಿ, ಕಬ್ಬಿಣ ಅದು, ಕಿತ್ತೋಗಲ್ಲ. ಈ ಮಾತು ಕೇಳಿದಾಗೆಲ್ಲಾ ನಂಗೆ ಎದೆ ಧಸಕ್ ಅನ್ನುತ್ತೆ. ಕಬ್ಬಿಣನೂ ಕಿತ್ತೋಗುತ್ತೆ, ಅದೂ ಝಟಕಾ ಬಿದ್ದಾಗ ಕಣ್ಣು ಮಿಟುಕಿಸೋಷ್ಟರಲ್ಲಿ ಕಿತ್ತೋಗುತ್ತೆ, ಪಕ್ಕಕ್ಕೆ ಸರಿಯೋಕೂ ಟೈಮ್ ಸಿಗಲ್ಲ.

ಕಣ್ಣಾರೆ ನೋಡಿದ್ದು ಹೇಳ್ತೀನಿ. ಒಂದು ಪಿಕಪ್ ಗಾಡಿ, ಹಿಂದಿನ ಎರಡೂ ಚಕ್ರ ಅರ್ಧಕ್ಕೆ ಕೆಸರಲ್ಲಿ, ಮುಂದೆ ಟ್ರ್ಯಾಕ್ಟರು, ನಡುವೆ ಚೈನು. ಮೊದಲೆರಡು ಸಲ ನಿಧಾನಕ್ಕೆ ಎಳೆದ್ರು, ಅಲ್ಲಾಡ್ಲಿಲ್ಲ. ಮೂರನೇ ಸಲ ಡ್ರೈವರ್ ಟ್ರ್ಯಾಕ್ಟರನ್ನ ಹಿಂದಕ್ಕೆ ತಂದು, ಚೈನ್ ನೆಲದ ಮೇಲೆ ಬೀಳೋ ಹಂಗೆ ಸಡಿಲ ಬಿಟ್ಟು, ಕ್ಲಚ್ ಬಿಟ್ಟು ಒಂದೇ ಏಟಿಗೆ ಮುಂದಕ್ಕೆ ಎಗರಿಸಿದ. ಟಣ್ ಅಂತ ಸದ್ದು ಬಂತು ಅಷ್ಟೇ. ಪಿಕಪ್ ಬಂಪರ್ ಹಿಂದೆ ಕೊಕ್ಕೆ ಸಿಕ್ಕಿಸಿದ್ದ ಕಬ್ಬಿಣದ ತುಂಡೇ ಕಿತ್ಕೊಂಡು ಬಂದು ಟ್ರ್ಯಾಕ್ಟರ್ ಮಡ್‌ಗಾರ್ಡಿಗೆ ಬಡೀತು, ಡ್ರೈವರ್ ತಲೆಗೂ ಅದಕ್ಕೂ ಒಂದು ಮೊಳ ಅಂತರ. ಆಮೇಲೆ ಚೈನ್ ಕೈಗೆ ತಗೊಂಡು ನೋಡಿದ್ರೆ ಒಂದು ಕೊಂಡಿ ಬೆಸುಗೆ ಹತ್ರ ಬಾಯಿ ಬಿಟ್ಕೊಂಡಿತ್ತು, ಪಕ್ಕದ ಎರಡು ಕೊಂಡಿ ಉದ್ದಕ್ಕೆ ಎಳ್ಕೊಂಡು ಒಂದರೊಳಗೊಂದು ಕಚ್ಕೊಂಡು ಅಲ್ಲಾಡ್ತಾನೇ ಇರ್ಲಿಲ್ಲ. ಅವತ್ತಿಂದ ನಾನು ಗಾಡಿ ಎಳೆಯೋ ಜಾಗದಲ್ಲಿ ಮೊದಲು ಕೇಳೋದೇ ಇದು: ನೀವು ನಿಧಾನಕ್ಕೆ ಬಿಗಿ ಮಾಡಿ ಎಳೀತೀರೋ, ಇಲ್ಲಾ ಓಡಿಸ್ಕೊಂಡು ಬಂದು ಝಟಕಾ ಕೊಡ್ತೀರೋ? ಚೈನೋ ಬೆಲ್ಟೋ ಅನ್ನೋದು ಈ ಪ್ರಶ್ನೆಗೆ ಸಿಕ್ಕ ಉತ್ತರದ ಮೇಲೆ ಹೋಗುತ್ತೆ.

ಯಾಕೆ ಅಂತ ಸ್ವಲ್ಪ ಲೆಕ್ಕ ಹಾಕಿ ನೋಡೋಣ, ಕಷ್ಟ ಏನಿಲ್ಲ. 2800 ಕೆಜಿ ಗಾಡಿ ಗಂಟೆಗೆ ಬರೀ 10 ಕಿಮೀ ಸ್ಪೀಡಲ್ಲಿ ಹೋಗ್ತಿದ್ರೂ ಅದರಲ್ಲಿ ಸುಮಾರು 10,800 ಜೂಲ್ ಶಕ್ತಿ ಇರುತ್ತೆ. ಹಿಂದೆ ಹೂತ್ಕೊಂಡಿರೋ ಗಾಡಿ ಒಂಚೂರೂ ಅಲ್ಲಾಡಲ್ಲ ಅಂತಿಟ್ಕೊಳ್ಳಿ, ಈ ಶಕ್ತಿನೆಲ್ಲಾ ನಡುವೆ ಇರೋ ವಸ್ತುನೇ ತಡ್ಕೋಬೇಕು. ಚೈನ್ ಹಿಗ್ಗೋದೇ ಇಲ್ಲ ಅನ್ನೋಷ್ಟು ಕಮ್ಮಿ, ಸಸ್ಪೆನ್ಶನ್ನು ಬಂಪರ್ರು ಬಾಗೋದು ಎಲ್ಲಾ ಸೇರ್ಸಿ 10 ಸೆಂಟಿಮೀಟರ್ ಕೊಟ್ತು ಅಂದ್ರೂ ಎಳೆತ 22 ಟನ್ ಹತ್ರ ಹೋಗುತ್ತೆ. 10 ಎಂಎಂ ಗ್ರೇಡ್ 80 ಚೈನ್, ಅಂದ್ರೆ ಭಾರ ಎತ್ತೋಕೆ ಬಳಸೋ ಒಳ್ಳೇ ಅಲಾಯ್ ಚೈನು, ಅದೇ ಕಿತ್ತೋಗೋದು ಸುಮಾರು 12.5 ಟನ್ನಿಗೆ. ಅದೇ ಜಾಗದಲ್ಲಿ 9 ಮೀಟರ್ ಉದ್ದದ, 8 ಟನ್ನಿಗೆ ಕಿತ್ತೋಗೋ, 20 ಪರ್ಸೆಂಟ್ ಹಿಗ್ಗೋ ನೈಲಾನ್ ಬೆಲ್ಟ್ ಹಾಕಿ. ಅದು ಸ್ಪ್ರಿಂಗ್ ತರ 70 ಸೆಂಟಿಮೀಟರ್ ಹಿಗ್ಗಿ, 3 ಟನ್ ಚಿಲ್ಲರೆ ಎಳೆತದಲ್ಲಿ ಅದೇ ಶಕ್ತಿನ ನುಂಗ್ಬಿಡುತ್ತೆ, ಆಮೇಲೆ ಆ ಶಕ್ತಿನೇ ವಾಪಸ್ ಕೊಟ್ಟು ಗಾಡಿನ ಮೇಲಕ್ಕೆ ಎಳ್ಕೊಳ್ಳುತ್ತೆ. ಕಾಗದದ ಮೇಲೆ ಚೈನ್ ಜಾಸ್ತಿ ಗಟ್ಟಿ, ಆದ್ರೂ ಅದೇ ಕಿತ್ತೋಗುತ್ತೆ. ಚೈನ್ ತಡ್ಕೊಂಡ್ರೆ ಗಾಡಿ ಚಾಸಿಯಲ್ಲಿ ಅದನ್ನ ಸಿಕ್ಕಿಸಿರೋ ಜಾಗ ಕಿತ್ಕೊಂಡು ಬರುತ್ತೆ. ಆ ಪಿಕಪ್ಪಿಗೆ ಆಗಿದ್ದು ಅದೇ.

ಹಂಗಂತ ಯಾವ್ದೋ ಒಂದು ಬೆಲ್ಟ್ ತಂದು ಕಟ್ಟಿದ್ರೆ ಆಯ್ತು ಅಂದ್ಕೋಬೇಡಿ, ಜನ ಜಾಸ್ತಿ ಎಡವೋದೇ ಇಲ್ಲಿ. ನೋಡೋಕೆ ಎಲ್ಲಾ ಒಂದೇ ತರ ಅಗಲ ಪಟ್ಟಿ, ಆದ್ರೆ ಒಳಗಿನ ನೂಲು ಬೇರೆ. ಪಾಲಿಯೆಸ್ಟರ್ ಬೆಲ್ಟ್ ತುಂಬಾ ಕಮ್ಮಿ ಹಿಗ್ಗುತ್ತೆ, ಅದು ಕೆಟ್ಟು ನಿಂತ ಗಾಡಿನ ರಸ್ತೆ ಮೇಲೆ ಟೋ ಮಾಡೋಕೆ, ವಿಂಚ್, ಅಂದ್ರೆ ಹಗ್ಗ ಸುತ್ತಿ ಎಳೆಯೋ ಯಂತ್ರ, ಅದರ ಹಗ್ಗಕ್ಕೆ ಉದ್ದ ಸೇರಿಸೋಕೆ, ಮರಕ್ಕೆ ಸುತ್ತೋಕೆ ಸರಿ. ನೈಲಾನ್ ಬೆಲ್ಟ್, ಸ್ನ್ಯಾಚ್ ಸ್ಟ್ರಾಪ್ ಅಂತಾರಲ್ಲ ಅದು, 20 ಪರ್ಸೆಂಟ್ ಹತ್ರ ಹಿಗ್ಗುತ್ತೆ, ಕೆಸರು ಮರಳಲ್ಲಿ ಝಟಕಾ ಕೊಟ್ಟು ತೆಗೆಯೋಕೆ ಅಂತಲೇ ಮಾಡಿರೋದು. ನೈಲಾನಲ್ಲೇ ಹೆಣೆದ ದಪ್ಪ ಕೈನೆಟಿಕ್ ಹಗ್ಗ ಬರುತ್ತೆ, ಅದು 30 ಪರ್ಸೆಂಟ್ ತನಕ ಹಿಗ್ಗುತ್ತೆ, ಇನ್ನೂ ಮೆತ್ತಗೆ ಎಳೆಯುತ್ತೆ, ರೇಟೂ ಜಾಸ್ತಿ. ಪಾಲಿಯೆಸ್ಟರ್ ಟೋ ಬೆಲ್ಟಿಗೆ ಝಟಕಾ ಕೊಟ್ರೆ ಹೆಚ್ಚು ಕಮ್ಮಿ ಚೈನಿಗೆ ಕೊಟ್ಟಂಗೇ, ನೈಲಾನ್ ಸ್ನ್ಯಾಚ್ ಬೆಲ್ಟಲ್ಲಿ ರಸ್ತೆ ಮೇಲೆ ಟೋ ಮಾಡಿದ್ರೆ ಹಿಂದಿನ ಗಾಡಿ ರಬ್ಬರಿಗೆ ಕಟ್ಟಿದಂಗೆ ಹಿಂದೆ ಮುಂದೆ ಜೋಲಿ ಹೊಡೆಯುತ್ತೆ. ಲೇಬಲ್ ಓದಿ. ಲೇಬಲ್ ಇಲ್ಲದೆ ಇರೋ ಬೆಲ್ಟು ಎಷ್ಟೇ ದಪ್ಪ ಇದ್ರೂ ನಾನಂತೂ ಝಟಕಾ ಕೊಡೋಕೆ ಬಳಸಲ್ಲ.

ಸೈಜಿನ ವಿಷ್ಯದಲ್ಲಿ ಎಲ್ರೂ ಮಾಡೋ ತಪ್ಪು, ದೊಡ್ಡದು ತಗೊಂಡ್ರೆ ಸೇಫ್ ಅನ್ನೋದು. ಸ್ನ್ಯಾಚ್ ಬೆಲ್ಟ್ ಕಿತ್ತೋಗೋ ಮಿತಿ, ಎರಡು ಗಾಡಿಲಿ ಹಗುರ ಇರೋದರ ಲೋಡ್ ಸೇರಿದ ಪೂರ್ತಿ ತೂಕದ ಎರಡರಿಂದ ಮೂರು ಪಟ್ಟು ಇರ್ಬೇಕು. 2800 ಕೆಜಿಗೆ 8 ಟನ್ ಬೆಲ್ಟ್ ಸರಿ. ಸಣ್ಣ ಕಾರಿಗೆ 15 ಟನ್ ಬೆಲ್ಟ್ ಕಟ್ಟಿದ್ರೆ ಅದು ಹಿಗ್ಗೋದೇ ಇಲ್ಲ, ಝಟಕಾ ಪೂರ್ತಿ ಕಾರಿನ ಹುಕ್ಕಿಗೆ ಬೀಳುತ್ತೆ. ಇನ್ನೊಂದು, ನೈಲಾನ್ ನೆನೆದಾಗ 10ರಿಂದ 20 ಪರ್ಸೆಂಟ್ ಶಕ್ತಿ ಕಳ್ಕೊಳ್ಳುತ್ತೆ, ಕೆಸರಲ್ಲಿ ಕೆಲಸ ಮಾಡೋರು ಅದನ್ನ ಲೆಕ್ಕಕ್ಕೆ ತಗೋಬೇಕು.

ಈಗ ಬೆಲ್ಟಿನ ಅಪಾಯ ಹೇಳ್ಲೇಬೇಕು, ಇಲ್ಲಾಂದ್ರೆ ಬೆಲ್ಟ್ ಹಾಕಿದ್ರೆ ಏನೂ ಆಗಲ್ಲ ಅಂತ ಓದೋರು ಧೈರ್ಯವಾಗಿ ಪಕ್ಕದಲ್ಲೇ ನಿಂತ್ಕೊಂಡ್ಬಿಡ್ತಾರೆ. ಹಿಗ್ಗಿದ ಬೆಲ್ಟಲ್ಲಿ ಆ 10,800 ಜೂಲೂ ಕೂತಿರುತ್ತೆ. ಬೆಲ್ಟ್ ಮಾತ್ರ ನಡುವೆ ಹರಿದ್ರೆ ಅದು ಬಟ್ಟೆ, ಏಟು ಜೋರಾಗೇ ಬೀಳುತ್ತೆ ಆದ್ರೆ ಹಗುರ. ತುದಿಲಿ ಕಬ್ಬಿಣ ಇದ್ದು ಆ ಕಡೆ ಕಿತ್ಕೊಂಡ್ರೆ ಮಾತ್ರ ದೇವರೇ ಕಾಪಾಡ್ಬೇಕು. ಒಂದು ಕೆಜಿ ತೂಕದ ಶ್ಯಾಕಲ್, ಅಂದ್ರೆ ಬೆಲ್ಟ್ ಸಿಕ್ಕಿಸೋಕೆ ಪಿನ್ ಇರೋ U ಆಕಾರದ ಕಬ್ಬಿಣದ ಕೊಂಡಿ, ಆ ಶಕ್ತಿಲಿ ಹತ್ತನೇ ಒಂದು ಪಾಲು ತಗೊಂಡು ಹಾರಿದ್ರೂ ಗಂಟೆಗೆ 160 ಕಿಮೀ ದಾಟುತ್ತೆ. ಹಿಂದಿನ ಗ್ಲಾಸು, ಸೀಟು, ಮನುಷ್ಯನ ತಲೆ, ಯಾವುದೂ ಅದನ್ನ ತಡೆಯಲ್ಲ. ಅದಕ್ಕೇ ತುದಿಲಿ ಲೋಹದ ಕೊಕ್ಕೆ ಹೊಲಿದಿರೋ ಬೆಲ್ಟ್ ಬರುತ್ತಲ್ಲ, ಅದನ್ನ ಝಟಕಾ ಕೊಡೋಕೆ ಯಾವತ್ತೂ ಬಳಸ್ಬೇಡಿ. ಬೆಲ್ಟ್ ತಡ್ಕೊಳ್ಳುತ್ತೆ, ಕೊಕ್ಕೆ ಬಿಚ್ಕೊಳ್ಳುತ್ತೆ. ಎರಡೂ ತುದಿಲಿ ಹೊಲಿದ ಕಣ್ಣು, ಅಂದ್ರೆ ಬೆಲ್ಟನ್ನೇ ಮಡಚಿ ಹೊಲಿದ ಕುಣಿಕೆ, ಇರೋ ಬೆಲ್ಟೇ ತಗೊಳ್ಳಿ.

ಎರಡು ಬೆಲ್ಟ್ ಸೇರ್ಸೋಕೂ ನಡುವೆ ಶ್ಯಾಕಲ್ ಹಾಕ್ಬಾರ್ದು. ಒಂದರ ಕಣ್ಣಲ್ಲಿ ಇನ್ನೊಂದರ ಕಣ್ಣು ತೂರಿಸಿ, ಆ ಎರಡನೇ ಬೆಲ್ಟಿನ ಇನ್ನೊಂದು ತುದಿನ ಅದರದೇ ಕಣ್ಣೊಳಗಿಂದ ಪೂರ್ತಿ ಎಳೆದು, ಆ ಸಂದಿಲಿ ಸುತ್ತಿದ ಪೇಪರ್ ಇಡಿ. ಪೇಪರ್ ಯಾಕೆ ಅಂದ್ರೆ ಎಳೆದಾದ್ಮೇಲೆ ಆ ಗಂಟು ಕಲ್ಲಿನ ತರ ಬಿಗಿಯುತ್ತೆ, ಪೇಪರ್ ಇದ್ರೆ ಅದನ್ನ ಹರಿದು ತೆಗೆದು ಬಿಡಿಸ್ಬಹುದು. ಬೆಲ್ಟಿಗಾಗ್ಲಿ ಚೈನಿಗಾಗ್ಲಿ ಮಾಮೂಲಿ ಗಂಟು ಹಾಕ್ಲೇಬೇಡಿ, ಗಂಟು ಬಿದ್ದ ಬೆಲ್ಟು ಅರ್ಧದಷ್ಟು ಶಕ್ತಿ ಕಳ್ಕೊಂಡಿರುತ್ತೆ.

ಗಾಡಿಲಿ ಎಲ್ಲಿಗೆ ಕಟ್ತೀರಿ ಅನ್ನೋದು ಚೈನ್-ಬೆಲ್ಟ್ ಚರ್ಚೆಗಿಂತ ದೊಡ್ಡದು ಅಂತ ನಂಗನ್ಸುತ್ತೆ. ಟ್ರೇಲರ್ ಎಳೆಯೋಕೆ ಹಿಂದೆ ಇರುತ್ತಲ್ಲ ಗುಂಡು, ಟೋ ಬಾಲ್, ಅದಕ್ಕೆ ಬೆಲ್ಟಿನ ಕಣ್ಣು ಹಾಕೋದು ತುಂಬಾ ಸುಲಭ ಕಾಣುತ್ತೆ, ಜನ ಸತ್ತಿರೋದೂ ಅದರಿಂದಲೇ. ಅದು ಟ್ರೇಲರ್ ಭಾರಕ್ಕೆ ಅಂತ ಮಾಡಿದ್ದು, ಝಟಕಾ ಬಿದ್ರೆ ಕುತ್ತಿಗೆ ಹತ್ರ ಮುರಿದು ಫಿರಂಗಿ ಗುಂಡಿನ ತರ ಹಾರುತ್ತೆ. ಲಾರಿ ಹಡಗಲ್ಲಿ ಗಾಡಿ ಸಾಗಿಸೋವಾಗ ಕಟ್ಟಿಡೋಕೆ ಅಂತ ಚಾಸಿಲಿ ಸಣ್ಣ ಬಳೆ ಇರುತ್ತೆ, ಅದೂ ಬೇಡ. ಬಂಪರಲ್ಲಿ ತಿರುಪಿ ಹಾಕೋ ಕಣ್ಣು ಬರುತ್ತಲ್ಲ ಕಾರ್ ಜೊತೆ, ಅದು ಸಮತಟ್ಟು ರಸ್ತೆಲಿ ನಿಧಾನಕ್ಕೆ ಟೋ ಮಾಡೋಕೆ ಅಷ್ಟೇ, ಅದನ್ನೂ ಕೊನೇ ತಿರುಪಿನ ತನಕ ಬಿಗಿ ಮಾಡ್ಬೇಕು, ಅರ್ಧ ತಿರುಪಿ ಬಿಟ್ರೆ ಬಾಗುತ್ತೆ. ಝಟಕಾ ಎಳೆತಕ್ಕೆ ಚಾಸಿಗೆ ಬೋಲ್ಟ್ ಆಗಿರೋ, ಮಿತಿ ಬರೆದಿರೋ ರಿಕವರಿ ಪಾಯಿಂಟೇ ಬೇಕು. ಅದು ನಿಮ್ಮ ಗಾಡಿಲಿ ಎಲ್ಲಿದೆ ಅಂತ ಇವತ್ತೇ ಗಾಡಿ ಮ್ಯಾನುಯಲ್ ತೆಗೆದು ನೋಡಿ, ಕೆಸರಲ್ಲಿ ಬೆಳಗ್ಗೆ ಮೂರು ಗಂಟೆಗೆ ಮಲಗ್ಕೊಂಡು ಹುಡುಕೋ ವಸ್ತು ಅಲ್ಲ ಅದು. ಶ್ಯಾಕಲ್ ಬೇಕಾದ್ರೆ ಮೈಮೇಲೆ ಟನ್ ಅಚ್ಚೊತ್ತಿರೋದನ್ನೇ ತಗೊಳ್ಳಿ, ಪಿನ್ ಪೂರ್ತಿ ತಿರುಪಿ ಆಮೇಲೆ ಸ್ವಲ್ಪ ಹಿಂದಕ್ಕೆ ಬಿಡಿ, ಇಲ್ಲಾಂದ್ರೆ ಎಳೆತಕ್ಕೆ ಕಚ್ಕೊಂಡು ಬಿಚ್ಚೋಕೇ ಬರಲ್ಲ. ಸಾಫ್ಟ್ ಶ್ಯಾಕಲ್ ಅಂತ ಹೆಣೆದ ಹಗ್ಗದ್ದು ಬಂದಿದೆ, ಹಾರಿದ್ರೂ ಹಗುರ, ಇದು ನಂಗೆ ತುಂಬಾ ಹಿಡಿಸಿದೆ. ಚೂಪು ಅಂಚಿಗೆ, ಬಿಸಿ ಸೈಲೆನ್ಸರ್‌ಗೆ ಮಾತ್ರ ತಾಗಿಸ್ಬೇಡಿ.

ಹಂಗಾದ್ರೆ ಚೈನ್ ಯಾಕೆ ಇಟ್ಕೋಬೇಕು? ಇಟ್ಕೋಬೇಕು, ಕಾರಣ ಇದೆ. ಕಲ್ಲಿನ ಅಂಚು, ಕತ್ತರಿಸಿದ ಮರದ ಬೊಡ್ಡೆ, ಚಾಸಿಯ ಚೂಪು ಕಬ್ಬಿಣ, ಇಂಥ ಕಡೆ ಬಿಗಿಯಾಗಿರೋ ಬೆಲ್ಟ್ ಉಜ್ಜಿದ್ರೆ ಬ್ಲೇಡ್ ಹಾಕಿದಂಗೆ ಸೀಳುತ್ತೆ. ಅಲ್ಲಿ ಚೈನಿಗೆ ಸಮ ಯಾವ್ದೂ ಇಲ್ಲ. ಮರದ ದಿಮ್ಮಿ ಎಳೆಯೋದು, ಟ್ರೇಲರ್ ಮೇಲೆ ಗಾಡಿ ಕಟ್ಟಿ ಬಿಗಿ ಮಾಡೋದು, ವಿಂಚಿನ ಜೊತೆ ಇಂಚಿಂಚಾಗಿ ಎಳೆಯೋದು, ಇದೆಲ್ಲಾ ಚೈನಿನ ಕೆಲಸ. ಒಂದೇ ಶರತ್ತು, ಎಳೆಯೋಕೆ ಮುಂಚೆ ಸಡಿಲ ಪೂರ್ತಿ ತೆಗೆದಿರ್ಬೇಕು. ಮುಂದಿನ ಗಾಡಿ ಫಸ್ಟ್ ಗೇರಲ್ಲಿ ಆಮೆ ತರ ಮುಂದಕ್ಕೆ ಹೋಗಿ, ಚೈನ್ ನೆಲದಿಂದ ಎದ್ದು, ಬಿಗಿಯಾಗಿ, ಆಮೇಲೆ ಮಾತ್ರ ಎಕ್ಸಲರೇಟರ್. ಬರ್ಲಿಲ್ಲ ಅಂದ್ರೆ ಇಳಿದು ಅಗೀರಿ, ಹಿಂದಕ್ಕೆ ತಂದು ಎಗರಿಸೋದು ಬೇಡ. ಬದುಕಿರೋ ಮರಕ್ಕೆ ಮಾತ್ರ ಚೈನ್ ಸುತ್ಬೇಡಿ, ತೊಗಟೆ ಸುತ್ತಲೂ ಕೊಯ್ದು ಮರ ಒಣಗುತ್ತೆ, ಅಗಲದ ಪಾಲಿಯೆಸ್ಟರ್ ಪಟ್ಟಿ ಸುತ್ತಿ.

ಚೈನ್ ತಗೊಳ್ಳೋವಾಗ ಕೊಂಡಿ ಮೇಲೆ ನೋಡಿ, ಗ್ರೇಡ್ ಅಚ್ಚೊತ್ತಿರುತ್ತೆ. 30 ಅಂದ್ರೆ ಗೇಟಿಗೆ ಕಟ್ಟೋಕೆ ಸರಿ. 70 ಸಾಮಾನ್ಯವಾಗಿ ಬಂಗಾರದ ಬಣ್ಣದಲ್ಲಿ ಬರುತ್ತೆ, ಲಾರಿಲಿ ಲೋಡ್ ಕಟ್ಟೋಕೆ ಬಳಸ್ತಾರೆ, 80 ಮತ್ತೆ 100 ಭಾರ ಎತ್ತೋಕೆ. 10 ಎಂಎಂ ಗ್ರೇಡ್ 80 ಚೈನಿನ ಕೆಲಸದ ಮಿತಿ, ಅಂದ್ರೆ ಸೇಫಾಗಿ ಹಾಕ್ಬಹುದಾದ ಭಾರ, 3.15 ಟನ್, ನೀವು ನೋಡ್ಬೇಕಾದ್ದು ಈ ಸಂಖ್ಯೆನ, ಕಿತ್ತೋಗೋ ಸಂಖ್ಯೆನ ಅಲ್ಲ. ಅಚ್ಚೇ ಇಲ್ಲದ ಚೈನು ಯಾವ ಕಬ್ಬಿಣದ್ದೋ ಯಾರಿಗೂ ಗೊತ್ತಿಲ್ಲ, ಅದನ್ನ ಗಾಡಿಗೆ ಕಟ್ಬೇಡಿ. ಚೈನಿನ ಜೊತೆ ತಗೊಳ್ಳೋ ಕೊಕ್ಕೆನೂ ಅದೇ ಗ್ರೇಡಿಂದು ಇರ್ಲಿ. ತೂಕನೂ ಯೋಚಿಸಿ, ಮೀಟರಿಗೆ 2 ಕೆಜಿ ಮೇಲೆ ಬರುತ್ತೆ, 6 ಮೀಟರ್ ಅಂದ್ರೆ 13 ಕೆಜಿ ಹತ್ರ. ಅಷ್ಟು ತೂಕ ಗಾಳಿಲಿ ಬೀಸಿ ಬಂದು ಮೊಣಕಾಲಿಗೆ ಬಡಿದ್ರೆ ಏನಾಗುತ್ತೆ ಅಂತ ಬಿಡಿಸಿ ಹೇಳ್ಬೇಕಾಗಿಲ್ಲ. ಚೈನ್ ಹಿಗ್ಗಲ್ಲ, ಹಂಗಾಗಿ ಕಿತ್ರೂ ಬಿದ್ದಲ್ಲೇ ಬೀಳುತ್ತೆ ಅಂತ ಹೇಳೋರಿದಾರೆ, ನಂಬ್ಬೇಡಿ, ಚೈನ್ ಹಿಗ್ಗದೆ ಇದ್ರೂ ಸಸ್ಪೆನ್ಶನ್ನು ಟೈರು ಚಾಸಿ ಎಲ್ಲಾ ಸ್ಪ್ರಿಂಗೇ, ಅವು ಚೈನನ್ನ ಎಸೀತವೆ.

ನೈಲಾನ್ ಬೆಲ್ಟಲ್ಲಿ ತೆಗೆಯೋ ರೀತಿ ಹೇಳ್ತೀನಿ, ಇಲ್ಲಿ ಅವಸರ ಮಾಡ್ಬಾರ್ದು. ಮೊದಲು ಅಗೀಬೇಕು. ಸೈನ್ಯದ ರಿಕವರಿ ಕೈಪಿಡಿಲಿ ಒಂದು ಅಂದಾಜಿದೆ, ಚಕ್ರದ ಮಟ್ಟಕ್ಕೆ ಹೂತ್ರೆ ಗಾಡಿ ತೂಕದಷ್ಟೇ ಎಳೆತ ಬೇಕು, ಮಡ್‌ಗಾರ್ಡ್ ಮಟ್ಟಕ್ಕೆ ಹೂತ್ರೆ ಎರಡು ಪಟ್ಟು. ಸಲಿಕೆಲಿ ಹತ್ತು ನಿಮಿಷ ಚಕ್ರದ ಮುಂದೆ ಕೆರೆದು ಇಳಿಜಾರು ಮಾಡಿದ್ರೆ ಟನ್ನುಗಟ್ಟಲೆ ಕಮ್ಮಿ ಆಗುತ್ತೆ, ಎಷ್ಟೋ ಸಲ ಬೆಲ್ಟೇ ಬೇಕಾಗಲ್ಲ. ಆಮೇಲೆ ಎರಡೂ ಗಾಡಿ ಆದಷ್ಟು ಒಂದೇ ನೇರಕ್ಕೆ ಇರ್ಲಿ, ನಡುವೆ ಎರಡು ಮೂರು ಮೀಟರ್ ಸಡಿಲ ಬಿಟ್ಟು ಬೆಲ್ಟನ್ನ ಹಾವಿನ ತರ ನೆಲದ ಮೇಲೆ ಹಾಸಿ, ತಿರುಚ್ಕೊಂಡಿದ್ರೆ ಬಿಡಿಸಿ. ಬೆಲ್ಟಿನ ನಡುವೆ ಡ್ಯಾಂಪರ್, ಅಂದ್ರೆ ಅದರ ಮೇಲೆ ಹೊದಿಸೋ ಭಾರದ ಹೊದಿಕೆ, ಹಾಕಿ, ಇಲ್ಲದಿದ್ರೆ ಒದ್ದೆ ಗೋಣಿಚೀಲನೋ ದಪ್ಪ ಕಂಬಳಿನೋ ಹಾಕಿ, ಕಿತ್ತೋದ್ರೆ ಅದು ಬೆಲ್ಟನ್ನ ನೆಲಕ್ಕೆ ಒತ್ತುತ್ತೆ. ನಿಂತಿರೋ ಜನರನ್ನ ಬೆಲ್ಟಿನ ಉದ್ದದ ಒಂದೂವರೆ ಪಟ್ಟು ದೂರ ಕಳ್ಸಿ, 9 ಮೀಟರ್ ಬೆಲ್ಟಿಗೆ 13-14 ಮೀಟರ್, ಅದೂ ಪಕ್ಕಕ್ಕೆ, ಎಳೆಯೋ ನೇರದಲ್ಲಿ ಒಬ್ರೂ ಬೇಡ, ಮೊಬೈಲಲ್ಲಿ ವಿಡಿಯೋ ಮಾಡೋರನ್ನ ಮೊದಲು ಕಳ್ಸಿ. ಗಾಡಿಗಳಲ್ಲಿ ಡ್ರೈವರ್ ಬಿಟ್ಟು ಇನ್ಯಾರೂ ಬೇಡ. ಎಳೆಯೋನು ಗಂಟೆಗೆ ಹತ್ತು ಕಿಮೀ ಆಚೀಚೆ ನಿಧಾನಕ್ಕೆ ಹೊರಡ್ಲಿ, ಹೂತಿರೋನು ಬೆಲ್ಟ್ ಬಿಗಿಯಾಗ್ತಿದ್ದಂಗೆ ಮೆಲ್ಲಗೆ ಚಕ್ರ ತಿರುಗಿಸ್ಲಿ. ಎರಡು ಮೂರು ಸಲ ಆಗ್ಲಿಲ್ವಾ, ನಿಲ್ಸಿ. ನೈಲಾನ್ ಹಿಗ್ಗಿ ಹಿಗ್ಗಿ ಒಳಗೆ ಬಿಸಿಯಾಗುತ್ತೆ, ಮೊದಲಿನ ಉದ್ದಕ್ಕೆ ವಾಪಸ್ ಬರೋಕೆ ಟೈಮ್ ಬೇಕು, ಅಷ್ಟರಲ್ಲಿ ಇನ್ನೊಂಚೂರು ಅಗೀರಿ.

ರಸ್ತೆ ಮೇಲೆ ಕೆಟ್ಟು ನಿಂತ ಗಾಡಿ ಟೋ ಮಾಡೋಕೆ ಪಾಲಿಯೆಸ್ಟರ್ ಬೆಲ್ಟು ನಾಲ್ಕೈದು ಮೀಟರ್ ಸಾಕು, ನಡುವೆ ಕೆಂಪು ಬಟ್ಟೆ ಕಟ್ಟಿ. ಇಲ್ಲಿ ಚೈನ್ ಬೇಡ ಅನ್ನೋದಕ್ಕೆ ಕಾರಣ, ಹಿಂದಿನೋನು ಬ್ರೇಕ್ ಒತ್ತಿ ಬಿಟ್ಟಾಗೆಲ್ಲಾ ಚೈನ್ ಸಡಿಲ ಆಗಿ ಮತ್ತೆ ಬಿಗಿಯಾಗುತ್ತೆ, ಪ್ರತಿ ಸಲನೂ ಒಂದೊಂದು ಸಣ್ಣ ಝಟಕಾ, ಸಡಿಲ ಇದ್ದಾಗ ಕೊಕ್ಕೆ ಜಾರಿ ಬಿಚ್ಕೊಳ್ಳೋದೂ ಉಂಟು. ಹಿಂದಿನ ಗಾಡಿಲಿ ಕೂರೋರಿಗೆ ಒಂದು ಮಾತು, ಇಂಜಿನ್ ಆಫ್ ಇದ್ರೆ ಬ್ರೇಕ್ ಒಂದೆರಡು ಸಲ ಮಾಮೂಲಿ ಹಿಡಿಯುತ್ತೆ ಆಮೇಲೆ ಕಲ್ಲಾಗುತ್ತೆ, ಸ್ಟೀರಿಂಗೂ ಹಂಗೇ, ಕೀ ಆನಲ್ಲೇ ಇರ್ಲಿ ಇಲ್ಲಾಂದ್ರೆ ಸ್ಟೀರಿಂಗ್ ಲಾಕ್ ಆಗುತ್ತೆ. ಆಟೋಮ್ಯಾಟಿಕ್ ಗಾಡಿಗೆ ಮ್ಯಾನುಯಲ್ ನೋಡ್ದೆ ಟೋ ಮಾಡ್ಬೇಡಿ, ಎಲೆಕ್ಟ್ರಿಕ್ ಗಾಡಿಗೆ ಚೈನೂ ಬೇಡ ಬೆಲ್ಟೂ ಬೇಡ, ಚಕ್ರ ತಿರುಗಿದ್ರೆ ಮೋಟರೂ ತಿರುಗುತ್ತೆ, ಫ್ಲಾಟ್‌ಬೆಡ್ ಲಾರಿ ಕರ್ಸಿ ಮೇಲೆ ಹತ್ತಿಸಿ.

ಒಂದೇ ವಸ್ತು ತಗೊಳ್ಳೋಕೆ ದುಡ್ಡಿದೆ ಅಂದ್ರೆ ಏನು ತಗೋಬೇಕು ಅಂತ ಕೇಳ್ತಾರೆ. ಕೆಸರು ಮರಳು ಇರೋ ದಾರಿಲಿ ಓಡಾಡೋರು, ಜೊತೆಗೆ ಇನ್ನೊಂದು ಗಾಡಿ ಇರೋರು, ನೈಲಾನ್ ಸ್ನ್ಯಾಚ್ ಬೆಲ್ಟ್. ಟಾರ್ ರಸ್ತೆ ಮೇಲೇ ಓಡಾಡೋರು, ಪಾಲಿಯೆಸ್ಟರ್ ಟೋ ಬೆಲ್ಟ್. ಹೊಲ, ತೋಟ, ಕಲ್ಲು, ದಿಮ್ಮಿ, ಟ್ರ್ಯಾಕ್ಟರ್ ಕೆಲಸ ದಿನಾ ಇರೋರಿಗೆ ಗ್ರೇಡ್ ಅಚ್ಚಿರೋ ಚೈನ್. ಎರಡನೇ ವಸ್ತುಗೆ ದುಡ್ಡಿದ್ರೆ ಯಾರೇ ಆಗ್ಲಿ ಒಂದು ಸಲಿಕೆ ತಗೊಳ್ಳಿ.

ತಂದಿಟ್ಟ ಮೇಲೆ ನೋಡ್ಕೋಬೇಕು. ಬೆಲ್ಟನ್ನ ಪ್ರತಿ ಸಲ ಬಳಸಿದ ಮೇಲೆ ಬರೀ ನೀರಲ್ಲಿ ತೊಳೀರಿ, ನೂಲಿನ ಸಂದಿಲಿ ಸೇರಿದ ಮರಳು ಒಳಗೊಳಗೇ ಎಳೆ ಕತ್ತರಿಸ್ತಾ ಇರುತ್ತೆ, ಆಮೇಲೆ ನೆರಳಲ್ಲಿ ಒಣಗಿಸಿ, ಬಿಸಿಲು ನೂಲನ್ನ ಸಾಯಿಸುತ್ತೆ. ಒಣಗಿದ ಮೇಲೆ ಕಣ್ಣಿಗಿಂತ ಕೈ ನಂಬಿ, ಉದ್ದಕ್ಕೂ ಬೆರಳು ಓಡಿಸಿ. ಎಲ್ಲಾದ್ರೂ ಗಾಜಿನ ತರ ನುಣುಪಾಗಿ ಗಟ್ಟಿಯಾಗಿದ್ರೆ ಅಲ್ಲಿ ನೈಲಾನ್ ಕರಗಿದೆ ಅಂತ ಅರ್ಥ. ಕಣ್ಣಿನ ಹತ್ರ ಹೊಲಿಗೆ ಬಿಟ್ಟಿದ್ರೆ, ಅಂಚಲ್ಲಿ ಒಂದು ಸಣ್ಣ ಕೊಯ್ತ ಇದ್ರೂ ಆ ಬೆಲ್ಟಿನ ಕೆಲಸ ಮುಗೀತು. ಚೈನಲ್ಲಿ ಕೊಂಡಿ ಕೊಂಡಿನೂ ಬಗ್ಗಿಸಿ ನೋಡಿ, ಸರಾಗ ಆಡ್ಬೇಕು, ಕಚ್ಕೊಂಡಿದ್ರೆ ಅದು ಉದ್ದ ಆಗಿದೆ, ಒಂದು ಕೊಂಡಿ ಉಜ್ಜಿ 10 ಪರ್ಸೆಂಟ್ ತೆಳು ಆಗಿದ್ರೂ ತೆಗೆದುಹಾಕಿ, ಮನೇಲಿ ಬೆಸುಗೆ ಹಾಕಿ ರಿಪೇರಿ ಮಾಡೋದು ಬೇಡ. ಮತ್ತೆ ಹಳೇ ಬೆಲ್ಟನ್ನ ಹಂಗೇ ಕಸಕ್ಕೆ ಹಾಕ್ಬೇಡಿ, ಎರಡೂ ಕಣ್ಣು ಕತ್ತರಿಸಿ, ನಡುವೆನೂ ತುಂಡು ಮಾಡಿ ಹಾಕಿ, ಚೆನ್ನಾಗೇ ಇದೆಯಲ್ಲಾ ಅಂತ ಯಾರಾದ್ರೂ ಎತ್ಕೊಂಡು ಹೋಗಿ ಗಾಡಿಗೆ ಕಟ್ಬಿಡ್ತಾರೆ.